ಮೊದಲ ತುತ್ತಿನ ಮೇಲ್ಮನವಿ

ನಮ್ಮ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅದು ಯಾವ ತಾಲ್ಲೂಕಿನದು ಎಂಬ ಜಗಳ ಮತ್ತೆ ಶುರುವಾಗುತ್ತದೆ. ಇಜೇರಿ ದಾಟಿ ಯಡ್ರಾಮಿಯ ಕಡೆ ಹೋಗುವಾಗ ಸಿಗುತ್ತದೆ, ಅಷ್ಟು ಸಾಕು. ಮೊದಲು ಜೇವರ್ಗಿ ತಾಲ್ಲೂಕಿನಲ್ಲಿತ್ತು. ಈಗ ಯಡ್ರಾಮಿಯಲ್ಲಿದೆ. ನಮ್ಮ ಓಣಿ ಮಾತ್ರ ಮೊದಲು ಎಲ್ಲಿತ್ತೋ ಅಲ್ಲೇ ಇದೆ, ಊರ ಹೊರಗೆ.

ನಾನು ಚಂದ್ರಾಮ. ಬಿ.ಎ. ಓದಿದ್ದೇನೆ. ಜೇವರ್ಗಿಯಲ್ಲಿ ಬೇವಿನ ಮರದ ಕೆಳಗೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತೇನೆ. "ಘನ ಸನ್ನಿಧಾನದಲ್ಲಿ ವಿನಮ್ರ ಪ್ರಾರ್ಥನೆ" ಎಂದು ಬರೆದೂ ಬರೆದೂ ನನ್ನ ಬೆನ್ನು ಬಾಗಿದೆ. ಈಗ ಹೇಳುವುದು ನನ್ನ ಸಣ್ಣವ್ವ ರೇವಮ್ಮನ ಸಂಗತಿ. ನಮ್ಮವ್ವನ ತಂಗಿ.

ಸಣ್ಣವ್ವ ನಮ್ಮೂರ ಸರ್ಕಾರಿ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಹದಿನಾಲ್ಕು ವರ್ಷ ದುಡಿದಳು. ಅಕ್ಕಿ ಹಸನು ಮಾಡಿದಳು. ನೀರು ಹೊತ್ತಳು. ಭಗೋಣಿಯೆಂಬ ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಇಳಿಸಿ ತಳ ತಿಕ್ಕಿದಳು. ಕುದಿಯುವ ಗಂಜಿ ಚೆಲ್ಲಿ ಸುಟ್ಟ ಕಲೆ ಅವಳ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಇದೆ. ಆದರೆ ಒಲೆಯ ಮುಂದೆ ಸೌಟು ಹಿಡಿದು ನಿಲ್ಲುತ್ತಿದ್ದವರು ಕಸ್ತೂರಿಬಾಯಿ. ಅವರು ಮುಖ್ಯ ಅಡುಗೆಯವರು, ಊರೊಳಗಿನವರು. ನಾವು ಹೊಲೆಯರು. ಕಾಗದದಲ್ಲಿ ಬೇರೆ ಹೆಸರಿದೆ, ಬಾಯಲ್ಲಿ ಇದೇ ಇದೆ.

ಕಳೆದ ಜೂನ್‌ನಲ್ಲಿ ಕಸ್ತೂರಿಬಾಯಿಗೆ ಅರವತ್ತು ತುಂಬಿ ಅವರು ಮನೆಗೆ ಹೋದರು. ಸೇವೆಯಲ್ಲಿ ಹಿರಿಯಳೆಂದು ಸಣ್ಣವ್ವನ ಕೈಗೆ ಸೌಟು ಬಂತು. ಅವಳ ಸಹಾಯಕ್ಕೆ ಮದೀನಾಬಿ ಎಂಬ ಹೆಂಗಸು ಬಂದಳು. ತೊಂದರೆ ಶುರುವಾದದ್ದು ಅಲ್ಲಿಂದ.

ಬಿಸಿಯೂಟದ ಕೋಣೆಯ ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಒಂದು ನಿಯಮ ಬರೆದಿದ್ದಾರೆ. ಮಕ್ಕಳು ಉಣ್ಣುವ ಅರ್ಧ ಗಂಟೆ ಮೊದಲು ಅಡುಗೆಯವರೂ ಮುಖ್ಯ ಗುರುಗಳೂ ಊಟದ ರುಚಿ ನೋಡಿ ವಹಿಯಲ್ಲಿ ಸಹಿ ಮಾಡಬೇಕು. ಅಡುಗೆಯಲ್ಲಿ ವಿಷವೋ ಹಲ್ಲಿಯೋ ಇದ್ದರೆ ಮೊದಲು ಸಾಯಬೇಕಾದವರು ದೊಡ್ಡವರು, ಮಕ್ಕಳಲ್ಲ ಎಂಬುದು ಅದರ ಅರ್ಥ. ಅದಕ್ಕೆಂದೇ ಒಂದು ಉದ್ದನೆಯ ವಹಿ ಇದೆ. ಕಸ್ತೂರಿಬಾಯಿ ಇದ್ದಾಗ ಮುಖ್ಯ ಗುರು ಪರಮೇಶ ಸರ್ ಎರಡು ಸಲ ಹಾಕಿಸಿಕೊಂಡು ರುಚಿ ನೋಡುತ್ತಿದ್ದರು. ಸಣ್ಣವ್ವ ಸೌಟು ಹಿಡಿದ ಮೇಲೆ ಅವರಿಗೆ ಒಮ್ಮೆಲೇ ಹಸಿವು ಕಡಿಮೆಯಾಯಿತು. ತುತ್ತು ಮುಟ್ಟದೆ ಬರೀ ಸಹಿ ಹಾಕತೊಡಗಿದರು. ಸಣ್ಣವ್ವ ಮಾತ್ರ ನಿಯಮದಂತೆ ದಿನವೂ ಉಂಡಳು. ಉಂಡು ಹೆಬ್ಬೆಟ್ಟು ಒತ್ತಿದಳು.

ಆಗಸ್ಟ್‌ನಲ್ಲಿ ಒಂದು ದಿನ ಶಾಲಾ ಸಮಿತಿಯ ಅಧ್ಯಕ್ಷ ಸಿದ್ದಲಿಂಗ ಸಾವಕಾರರು ಹತ್ತು ಜನರನ್ನು ಕಟ್ಟಿಕೊಂಡು ಬಂದರು. ವರ್ಷಕ್ಕೊಮ್ಮೆ ಮಹಾಪುರುಷರ ಜಯಂತಿಯ ದಿನ ಸಮಾನತೆಯ ಮೇಲೆ ಮುಕ್ಕಾಲು ಗಂಟೆ ಭಾಷಣ ಮಾಡುವವರು ಇವರೇ. ವಹಿ ತರಿಸಿದರು. ಹಾಳೆ ತಿರುವಿದರು.

"ಹನ್ನೆರಡೂವರಿಗಿ ಈಕಿ ಹೆಬ್ಬೆಟ್ಟು. ಒಂದಕ್ಕ ಮಕ್ಕಳ ಊಟ. ಅಂದ್ರ ದಿನಾ ನಮ್ಮ ಮಕ್ಕಳಿಗಿಂತ ಮೊದ್ಲ ಈಕಿ ಉಣ್ಣಾಕತ್ತಾಳ."

"ನಿಯಮ ಅದರಿ ಸಾವಕಾರ್ರ," ಎಂದಳು ಸಣ್ಣವ್ವ. "ಗ್ವಾಡಿ ಮ್ಯಾಲ ಬರದಾರ."

"ಗ್ವಾಡಿ ಸರ್ಕಾರದ್ದು. ಹೊಟ್ಟಿ ನಮ್ಮ ಮಕ್ಕಳದ್ದು."

"ಕಸ್ತೂರಿಬಾಯಾರೂ ಮೊದ್ಲ ಉಣ್ತಿದ್ರಲ್ರಿ?"

"ಅವರು ರುಚಿ ನೋಡ್ತಿದ್ರು. ನೀ ಎಂಜಲ ಮಾಡ್ತಿ."

ಹತ್ತು ಜನ ಗಂಡಸರ ಮುಂದೆ ಆ ಮಾತು ಬಂತು. ಸಣ್ಣವ್ವನ ಕೈಯಲ್ಲಿ ಸೌಟು ಇತ್ತು. ಅದನ್ನು ಯಾರ ತಲೆಗೂ ಹಾಕಲಿಲ್ಲ. ನನಗೆ ಈಗಲೂ ಅದೊಂದು ಸಿಟ್ಟಿದೆ.

ಮರುದಿನ ಕೋಣೆಯ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಸೆರಗಿನಲ್ಲಿ ಕಟ್ಟಿಕೊಂಡ ಹಳೆಯ ಚಾವಿ ಅದಕ್ಕೆ ಹತ್ತಲಿಲ್ಲ. ಪರಮೇಶ ಸರ್ ವರಾಂಡದಲ್ಲಿ ನಿಂತು ಆಕಾಶ ನೋಡಿದರು.

"ನಾನೇನು ನಿನ್ನ ತೆಗದಿಲ್ಲ ರೇವಮ್ಮ. ಕೀಲಿ ಬದಲಿ ಮಾಡೇನಿ, ಅಷ್ಟ."

ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಊರೊಳಗಿನ ಯಾವ ಹೆಂಗಸೂ ಆ ಭಗೋಣಿ ತಿಕ್ಕಲು ಒಪ್ಪಲಿಲ್ಲ. ಮದೀನಾಬಿಯ ಕೈಗೆ ಸೌಟು ಕೊಡಲು ಸಾವಕಾರರು ಒಪ್ಪಲಿಲ್ಲ. ಹಾಗಾಗಿ ಕೋಣೆ ಮುಚ್ಚಿಯೇ ಉಳಿಯಿತು. ಊರೊಳಗಿನ ಮಕ್ಕಳು ಮನೆಯಿಂದ ಡಬ್ಬಿ ತಂದವು. ನಮ್ಮ ಓಣಿಯ ಮಕ್ಕಳು ಒಂದು ಗಂಟೆಗೆ ನಳದ ನೀರು ಕುಡಿದು ಮತ್ತೆ ಬಂದು ಕುಳಿತವು. ಅವರ ತಾಯಂದಿರು ಕಳೆ ತೆಗೆಯಲು ಹೊಲಕ್ಕೆ ಹೋಗಿರುತ್ತಾರೆ. ಮಧ್ಯಾಹ್ನ ಮನೆಯಲ್ಲಿ ಒಲೆ ಇರುವುದಿಲ್ಲ.

ಸಣ್ಣವ್ವ ನನ್ನ ಬೇವಿನ ಮರದ ಕೆಳಗೆ ಬಂದು ಕುಳಿತಳು. "ನನಗ ನನ್ನ ಒಲಿ ಬೇಕು. ಬರಿ ಲೇ," ಎಂದಳು.

ಬರೆದೆ. ಎಂಟು ಪುಟ. ಇಂಥ ಕೆಲಸದವರ ಅಹವಾಲಿಗೆಂದೇ ಗೌರವ ಸೇವಾ ಮೇಲ್ಮನವಿ ನ್ಯಾಯಮಂಡಳಿ ಎಂಬುದೊಂದಿತ್ತು. ಅದಕ್ಕೆ ಸ್ವಂತ ಕಟ್ಟಡವಿಲ್ಲ. ತಿಂಗಳಿಗೊಂದು ಊರಲ್ಲಿ ಬೀಡು ಬಿಡುತ್ತದೆ. ಸೆಪ್ಟೆಂಬರ್‌ನಲ್ಲಿ ಜೇವರ್ಗಿಗೆ ಬಂತು.

ಅಧ್ಯಕ್ಷರು ನಿವೃತ್ತ ಅಧಿಕಾರಿ. ದಪ್ಪ ಕನ್ನಡಕ, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ಗುಮಾಸ್ತ ಖಮರ ಸಾಹೇಬ ನನ್ನ ಎಂಟು ಪುಟವನ್ನು ಹಿಂದೆಮುಂದೆ ತಿರುವಿದ.

"ಹುಕುಂ ಎಲ್ಲದ?"

"ಯಾವ ಹುಕುಂರಿ?"

"ಕೆಲಸದಿಂದ ತೆಗದ ಹುಕುಂ. ಹುಕುಂ ಇಲ್ಲದ ಮೇಲ್ಮನವಿ ಹ್ಯಾಂಗ ತಗೊಳ್ಳೋದು?"

ಸಣ್ಣವ್ವ ಸೆರಗಿನ ಗಂಟು ಬಿಚ್ಚಿ ಹಳೆಯ ಚಾವಿಯನ್ನು ಮೇಜಿನ ಮೇಲಿಟ್ಟಳು. "ಇದು ಹತ್ತವಲ್ದು ನೋಡ್ರಿ. ನನಗ ಕೊಟ್ಟ ಹುಕುಂ ಇದ."

ಖಮರ ಸಾಹೇಬ ಅದನ್ನು ಎತ್ತಿ ನೋಡಿದ. ನಂತರ ಅದಕ್ಕೊಂದು ದಾರ ಕಟ್ಟಿ, ಚೀಟಿ ಅಂಟಿಸಿ ಬರೆದ: ಅಡಕ ಒಂದು, ಕೀಲಿಕೈ, ಬೀಗಕ್ಕೆ ಹೊಂದುವುದಿಲ್ಲ.

ಅಧ್ಯಕ್ಷರು ಕನ್ನಡಕ ಏರಿಸಿದರು. "ಹೊಂದುವುದಿಲ್ಲ ಎಂಬುದಕ್ಕೆ ಸಾಕ್ಷಿ? ಬೀಗ ತಂದಿದ್ದೀರಾ?"

"ಕೀಲಿ ಬಾಗಲಿಗಿ ಅದರಿ."

"ಬಾಗಿಲು?"

"ಬಾಗಲಾ ಸಾಲಿಗಿ ಅದರಿ."

"ಶಾಲೆ?"

"ನಮ್ಮೂರಾಗ ಅದರಿ. ಯಡ್ರಾಮಿ ತಾಲೂಕ."

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ಮುಖದಲ್ಲಿ ಸಮಾಧಾನ ಕಾಣಿಸಿತು. ಯಡ್ರಾಮಿ ತಾಲ್ಲೂಕಿನ ಅಹವಾಲುಗಳನ್ನು ಅಫಜಲಪುರದ ಬೀಡಿನಲ್ಲಿ ಮಾತ್ರ ಆಲಿಸಲಾಗುತ್ತದಂತೆ. ಯಾಕೆ ಎಂದು ಕೇಳಿದೆ. ಹಾಗೆಂದು ಸುತ್ತೋಲೆ ಇದೆ ಎಂದರು.

ಅಕ್ಟೋಬರ್‌ನಲ್ಲಿ ಭೀಮಾ ನದಿ ದಾಟಿ ಅಫಜಲಪುರಕ್ಕೆ ಹೋದೆವು. ಸಣ್ಣವ್ವನಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಶೂನ್ಯ ಎಂದು ಬರೆದ ಚೀಟಿ ಕೊಡುತ್ತಾನೆ. ನೀನು ಯಾವ ತಾಲ್ಲೂಕಿನವಳು, ನಿನ್ನನ್ನು ಒಯ್ಯುವ ಅಧಿಕಾರ ನನಗಿದೆಯೋ ಇಲ್ಲವೋ ಎಂದು ಅವನು ಒಮ್ಮೆಯೂ ಕೇಳಲಿಲ್ಲ.

ಬೀಡು ಇದ್ದದ್ದು ಒಂದು ಅತಿಥಿಗೃಹದಲ್ಲಿ, ಅಧ್ಯಕ್ಷರು ಜೇವರ್ಗಿಗೆ ಬಂದಿದ್ದವರೇ. ಹನ್ನೊಂದು ಗಂಟೆಗೆ ಖಮರ ಸಾಹೇಬ ಹೊರಗೆ ಬಂದು ಕೈ ಹಿಸುಕಿಕೊಂಡ. ಅತಿಥಿಗೃಹದ ಅಡುಗೆಯವನು ಹೇಳದೆ ಕೇಳದೆ ಮದುವೆಗೆ ಹೋಗಿದ್ದ.

"ಯಾರಿಗಿ ಅಡಗಿ ಬರ್ತದರಿ? ಸಾಹೇಬ್ರಿಗಿ ಶುಗರ್ ಅದ. ಹೊತ್ತಿಗಿ ಸರಿಯಾಗಿ ಉಣ್ಣಬೇಕು."

ಅರ್ಜಿದಾರರು ಹನ್ನೆರಡು ಮಂದಿ ಇದ್ದೆವು. ಸಣ್ಣವ್ವ ಎದ್ದಳು. ನಾನು ಸೆರಗು ಹಿಡಿದೆ. "ಬ್ಯಾಡ ಸಣ್ಣವ್ವ. ನೀ ಇಲ್ಲಿ ನ್ಯಾಯ ಕೇಳಾಕ ಬಂದಿ."

"ಹಸದವರಿಗಿ ಹಾಕೂದು ನನ್ನ ಕೆಲಸ ಬಿಡಲೇ. ನ್ಯಾಯ ಆಮ್ಯಾಗ."

ಎರಡು ತಾಸು ಬೆಂಕಿಯ ಮುಂದೆ ನಿಂತಳು. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದಳು. ಆ ಸಪ್ಪಳ ವರಾಂಡದವರೆಗೂ ಕೇಳುತ್ತಿತ್ತು. ಪುಂಡಿಪಲ್ಯ ಮಾಡಿದಳು. ತೊಗರಿಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಬೆವರು ಕಣ್ಣಿಗಿಳಿದಾಗ ತೋಳಿನಿಂದ ಒರೆಸಿಕೊಂಡಳು, ಆ ಸುಟ್ಟ ಕಲೆಯ ತೋಳಿನಿಂದ. ಎಲ್ಲ ಮುಗಿದ ಮೇಲೆ ಖಮರ ಸಾಹೇಬ ಒಳಗೆ ಬಂದ.

"ನೀ ಮೊದ್ಲ ಒಂದ್ ತುತ್ತು ಉಣ್ಣವ್ವ. ಸಾಹೇಬ್ರ ಹೊಟ್ಟಿ ಭಾಳ ನಾಜೂಕ."

ಸಣ್ಣವ್ವ ಅವನ ಮುಖ ನೋಡಿದಳು. ನನ್ನ ಮುಖ ನೋಡಿದಳು. ಉಂಡಳು. ಖಮರ ಸಾಹೇಬ ಗಡಿಯಾರ ನೋಡುತ್ತ ಹತ್ತು ನಿಮಿಷ ನಿಂತ. ಅವಳು ಬದುಕಿಯೇ ಇದ್ದದ್ದು ಖಾತ್ರಿಯಾದ ಮೇಲೆ ತಾಟು ಒಳಗೆ ಒಯ್ದ. ಹೊರಡುವಾಗ ಹೇಳಿದ, "ಭಾಂಡಿ ತಿಕ್ಕಿಟ್ಟು ಬಾ." ಅವಳು ತಿಕ್ಕಿಟ್ಟಳು. ಉಳಿದದ್ದನ್ನು ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಉಂಡೆವು.

ಮೂರಕ್ಕೆ ವಿಚಾರಣೆ. ಅಧ್ಯಕ್ಷರು ತೃಪ್ತಿಯಿಂದ ತೇಗಿ ಕಡತ ಬಿಚ್ಚಿದರು. ಓದುತ್ತ ಹೋದಂತೆ ದನಿ ಸಣ್ಣದಾಯಿತು. "ಮಕ್ಕಳಿಗಿಂತ ಮೊದಲು ತುತ್ತು ಉಂಡು ಎಂಜಲು ಮಾಡಿದ ಆರೋಪ..." ಅಲ್ಲಿಗೆ ನಿಂತರು.

"ಇವತ್ತಿನ ಅಡುಗೆ ಯಾರು ಮಾಡಿದ್ದು?"

"ಅರ್ಜಿದಾರರೇ, ಸರ್," ಎಂದ ಖಮರ ಸಾಹೇಬ.

"ಮೊದಲು ರುಚಿ?"

"ಅವರೇ ನೋಡಿದ್ದು, ಸರ್. ನಾನೇ ನೋಡಿಸಿದೆ."

ಅಧ್ಯಕ್ಷರು ಎದ್ದು ಒಳಗೆ ಹೋದರು. ನೀರು ಸುರಿಯುವ ಸದ್ದು, ಬಾಯಿ ಮುಕ್ಕಳಿಸುವ ಸದ್ದು ಬಹಳ ಹೊತ್ತು ಕೇಳಿಸಿತು. ಹೊರಗೆ ಬಂದು ಗೋಡೆ ನೋಡುತ್ತ ಹೇಳಿ ಬರೆಸಿದರು. "ಈ ಪೀಠವು ಅರ್ಜಿದಾರರ ಅಡುಗೆಯನ್ನು ಸೇವಿಸಿರುವುದರಿಂದ ಪ್ರಕರಣದಲ್ಲಿ ಪೀಠಕ್ಕೆ ಹಿತಾಸಕ್ತಿ ಉಂಟಾಗಿದೆ. ನಿಷ್ಪಕ್ಷಪಾತ ವಿಚಾರಣೆಗಾಗಿ ಕಡತವನ್ನು ಆಳಂದದ ಬೀಡಿಗೆ, ಬೇರೆ ಸದಸ್ಯರ ಮುಂದೆ ಇಡತಕ್ಕದ್ದು."

ಸಣ್ಣವ್ವ ಕೈಮುಗಿದು ಒಂದೇ ಮಾತು ಕೇಳಿದಳು. "ಸಾಹೇಬ್ರ, ಉಪ್ಪು ಸರಿ ಇತ್ತೇನ್ರಿ?"

"ಅದನ್ನು ಹೇಳಿದರೆ ಪಕ್ಷಪಾತವಾಗುತ್ತದೆ," ಎಂದರು ಅಧ್ಯಕ್ಷರು.

ಆಳಂದಕ್ಕೆ ಕರೆ ಬರುವಷ್ಟರಲ್ಲಿ ಡಿಸೆಂಬರ್ ಆಗಿತ್ತು. ಭೂಸನೂರಿನ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳಿತು. ಅಲ್ಲಿನ ಸದಸ್ಯರು ತಲೆ ಎತ್ತಲಿಲ್ಲ. ವಿಚಾರಣೆ ಮೂರು ನಿಮಿಷ ನಡೆಯಿತು. ಆದೇಶ ಮೊದಲೇ ಟೈಪಾಗಿತ್ತು, ಎರಡು ಹಾಳೆ.

ಅರ್ಜಿದಾರರು ಪಡೆಯುವುದು ಸಂಬಳವಲ್ಲ, ಗೌರವಧನ. ಆದ್ದರಿಂದ ಅವರು ನೌಕರರಲ್ಲ. ಅಡುಗೆ ಕೋಣೆ ಕಾರ್ಖಾನೆಯಲ್ಲ. ಆದ್ದರಿಂದ ಅವರು ಕಾರ್ಮಿಕರೂ ಅಲ್ಲ. ಅವರು ಪಾಠ ಮಾಡುವುದಿಲ್ಲ. ಆದ್ದರಿಂದ ಶಿಕ್ಷಕರೂ ಅಲ್ಲ. ಅವರನ್ನು ತೆಗೆದುಹಾಕಿದ ಆದೇಶವನ್ನು ಯಾವ ಪ್ರಾಧಿಕಾರವೂ ಹೊರಡಿಸಿಲ್ಲ. ಕೊನೆಗೆ ದಪ್ಪ ಅಕ್ಷರದಲ್ಲಿ, ಸದರಿ ಮೇಲ್ಮನವಿಯನ್ನು ಆಲಿಸಲು ಈ ನ್ಯಾಯಮಂಡಳಿಗೆ ಅಧಿಕಾರ ವ್ಯಾಪ್ತಿ ಇರುವುದಿಲ್ಲ, ವಜಾ ಮಾಡಿದೆ.

"ಮತ್ತ ಯಾರ ಬಲ್ಲಿ ಹೋಗಬೇಕ್ರಿ?" ಎಂದು ಕೇಳಿದಳು ಸಣ್ಣವ್ವ.

"ಅದನ್ನು ಹೇಳುವ ಅಧಿಕಾರವೂ ನಮಗಿಲ್ಲ," ಎಂದರು ಸದಸ್ಯರು.

ಖಮರ ಸಾಹೇಬ ಚಾವಿಯನ್ನು ದಾರದ ಸಮೇತ ವಾಪಸು ಕೊಟ್ಟ. ಪಡೆದದ್ದಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡ.

ಬಸ್ಸಿನಲ್ಲಿ ನಾನು ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತೆ. ನಾಲ್ಕು ತಿಂಗಳು, ಮೂರು ಊರು, ಎಂಟು ಪುಟದ ವಿನಮ್ರ ಪ್ರಾರ್ಥನೆ, ಅದರಲ್ಲಿ ಒಂದು ಸಾಲನ್ನೂ ಯಾರೂ ಕೇಳಲಿಲ್ಲ. ಸಣ್ಣವ್ವ ಅಳಲಿಲ್ಲ. ಆದೇಶವನ್ನು ಓದು ಎಂದಳು. ಓದಿದೆ. ಮತ್ತೊಮ್ಮೆ ಓದು ಎಂದಳು. ಕಲಬುರಗಿ ಬರುವವರೆಗೆ ಐದು ಸಲ ಓದಿಸಿದಳು.

"ತೆಗದ ಹುಕುಂ ಯಾರೂ ಕೊಟ್ಟಿಲ್ಲ ಅಂತ ಬರದಾರೇನು?"

"ಹೌದು."

"ಅಂದ್ರ ನನ್ನ ತೆಗದಿಲ್ಲ."

"ಅದು ಹಂಗಲ್ಲ ಸಣ್ಣವ್ವ. ಅರ್ಜಿ ವಜಾ ಆಗ್ಯದ. ನಾವು ಸೋತೇವಿ."

"ತೆಗದಿಲ್ಲ ಅಂದ್ರ ನಾ ಅದೇನಿ," ಎಂದಳು. "ನೀ ಬರಿಯೂದಷ್ಟ ಕಲ್ತಿ ಲೇ. ಓದೂದು ಕಲೀಲಿಲ್ಲ."

ಮರುದಿನ ಮುಂಜಾನೆ ಒಂಬತ್ತಕ್ಕೆ ಸಣ್ಣವ್ವ ಮನೆಯ ರುಬ್ಬುವ ಗುಂಡನ್ನು ಎದೆಗೆ ಅವುಚಿಕೊಂಡು ಶಾಲೆಗೆ ನಡೆದಳು. ಹಿಂದೆ ಕಾಗದ ಹಿಡಿದು ನಾನು. ಮೂರು ಏಟಿಗೆ ಕೀಲಿ ಬಿತ್ತು. ಒಳಗೆ ಇಲಿ ಓಡಿದವು. ಅಕ್ಕಿಯ ಚೀಲಗಳಲ್ಲಿ ನುಸಿ ಹಿಡಿದಿತ್ತು. ಸುದ್ದಿ ತಿಳಿದು ಮದೀನಾಬಿ ಓಡಿ ಬಂದಳು, ಮೊರ ಎತ್ತಿಕೊಂಡಳು. ಇಬ್ಬರೂ ಕುಳಿತು ಕೇರಿದರು, ಗಾಳಿಸಿದರು, ನಾಲ್ಕು ನೀರಿನಲ್ಲಿ ತೊಳೆದರು. ಸಣ್ಣವ್ವ ಭಗೋಣಿಯೊಳಗೆ ಇಳಿದು ನಾಲ್ಕು ತಿಂಗಳ ಧೂಳು ತಿಕ್ಕಿದಳು.

ಪರಮೇಶ ಸರ್ ಮೊಬೈಲು ಹಿಡಿದು ಬಂದರು. "ರೇವಮ್ಮ, ಸರ್ಕಾರಿ ಕೀಲಿ ಒಡದಿ. ಪೊಲೀಸರಿಗಿ ಫೋನ್ ಮಾಡ್ತೇನಿ."

"ಮಾಡ್ರಿ ಸರ್. ಯಾರ ಹುಕುಂಲಿಂದ ಕೀಲಿ ಹಾಕಿದ್ರಿ ಅಂತ ಕೇಳ್ತಾರ. ಅದನ್ನಷ್ಟು ಹೇಳ್ರಿ."

ಮೊಬೈಲು ಕಿಸೆಗೆ ಹೋಯಿತು. ಹನ್ನೆರಡರ ಹೊತ್ತಿಗೆ ಸಾರು ಕುದಿಯುವ ವಾಸನೆ ಶಾಲೆಯೆಲ್ಲ ತುಂಬಿತು. ತರಗತಿಗಳಲ್ಲಿ ಪಾಠ ನಿಂತಿತು. ಸಿದ್ದಲಿಂಗ ಸಾವಕಾರರು ಅದೇ ಹತ್ತು ಜನರೊಂದಿಗೆ ಬಂದರು.

"ಯಾರನ್ನ ಕೇಳಿ ಒಳಗ ಹೋದಿ ಬೇ?"

"ಯಾರನ್ನ ಕೇಳಬೇಕು ಅಂತ ನಾಕ ತಿಂಗಳ ಕೇಳ್ಕೋತ ತಿರಗೇನ್ರಿ. ಜೇವರ್ಗ್ಯಾಗ ಇಲ್ಲ ಅಂದ್ರು. ಅಫಜಲಪುರದಾಗ ಉಂಡು ಇಲ್ಲ ಅಂದ್ರು. ಆಳಂದದಾಗ ಬರದ ಕೊಟ್ರು, ನಮಗ ಅಧಿಕಾರ ಇಲ್ಲ ಅಂತ. ಅಷ್ಟು ದೊಡ್ಡ ಸಾಹೇಬ್ರಿಗಿ ಇಲ್ಲದ್ದು ನಿಮಗ ಎಲ್ಲಿಂದ ಬಂತರಿ ಸಾವಕಾರ್ರ?"

ಅವರು ನನ್ನ ಕೈಯಿಂದ ಕಾಗದ ಕಸಿದು ಓದಿ ನಕ್ಕರು. "ಹುಚ್ಚಿ, ನಿನ್ನ ಅರ್ಜಿ ವಜಾ ಆಗ್ಯದ. ನೀ ಸೋತಿ."

"ಸೋತೇನ್ರಿ. ಸೋತ ಕಾಗದದಾಗ ನನ್ನ ಯಾರೂ ತೆಗದಿಲ್ಲ ಅಂತ ಬರದದ. ನಿಮಗ ತೆಗೀಬೇಕಾಗಿದ್ರ ಈಗ ತೆಗೀರಿ. ಹೊಲೆಯರಾಕಿ ಮೊದ್ಲ ಉಂಡಳು, ಅದಕ್ಕ ತೆಗದೇವಿ ಅಂತ ಬರದು ಸಹಿ ಮಾಡ್ರಿ. ಹುಕುಂ ತಾ, ಹುಕುಂ ತಾ ಅಂತ ಎಲ್ಲಾರೂ ಕೇಳ್ಯಾರ. ನಮ್ಮ ಚಂದ್ರಾಮ ಪೆನ್ನು ತಂದಾನ."

ನಾನು ಪೆನ್ನಿನ ಟೋಪಿ ತೆಗೆದು ಹಿಡಿದೆ. ಸಾವಕಾರರು ಪೆನ್ನು ನೋಡಿದರು. ಪರಮೇಶ ಸರ್ ಅವರನ್ನು ನೋಡಿದರು. ಪೆನ್ನು ಯಾರೂ ಮುಟ್ಟಲಿಲ್ಲ. ಬಾಯಿಯಿಂದ ಆಡಿದ ಮಾತು ಅಂಗಳದಲ್ಲಿ ಬಿದ್ದು ಹೋಗುತ್ತದೆ. ಬರೆದದ್ದಕ್ಕೆ ಜೈಲಿದೆ ಎಂದು ಅವರಿಗೆ ಗೊತ್ತು.

ಹನ್ನೆರಡೂವರೆ ಆಯಿತು. ಸಣ್ಣವ್ವ ಒಂದು ತಾಟಿಗೆ ಅನ್ನ ಸಾರು ಹಾಕಿಕೊಂಡು ಹೊಸ್ತಿಲ ಮೇಲೆ, ಎಲ್ಲರಿಗೂ ಕಾಣುವಂತೆ ಕುಳಿತಳು. ತುತ್ತು ಮಾಡಿ ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು, ನುಂಗಿದಳು. ನಂತರ ಒಬ್ಬ ಹುಡುಗನನ್ನು ಕಳಿಸಿ ಮುಖ್ಯ ಗುರುಗಳ ಕೋಣೆಯಿಂದ ವಹಿ ತರಿಸಿದಳು. ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ನೋಡಲು ನಾನು ಕೊನೆಯ ಹಾಳೆ ಬಿಚ್ಚಿದೆ. ಹಿಂದಿನ ಹಾಳೆಗಳನ್ನೂ ತಿರುವಿದೆ.

ಆಗಸ್ಟ್‌ನಿಂದ ನಿನ್ನೆಯವರೆಗೆ ಒಂದು ದಿನವೂ ತಪ್ಪಿರಲಿಲ್ಲ. ಅನ್ನ, ಸಾಂಬಾರು, ರುಚಿ ಉತ್ತಮ, ಸಹಿ ಪರಮೇಶ. ಅನ್ನ, ಸಾಂಬಾರು, ರುಚಿ ಅತ್ಯುತ್ತಮ, ಸಹಿ ಪರಮೇಶ. ಒಂದು ದಿನ ಉಪ್ಪು ತುಸು ಕಡಿಮೆ ಎಂದೂ ಬರೆದಿದ್ದರು. ಪಕ್ಕದ ಖಾನೆಯಲ್ಲಿ ಮದೀನಾಬಿಯ ಹೆಬ್ಬೆಟ್ಟು.

"ಒತ್ತು ಅಂದ್ರು, ಒತ್ತಿದೆ," ಎಂದು ಮದೀನಾಬಿ ತಲೆ ತಗ್ಗಿಸಿದಳು. "ಏನಂತ ನನಗ ಗೊತ್ತಿಲ್ರಿ."

ನಾನು ಅದನ್ನೆಲ್ಲ ಗಟ್ಟಿಯಾಗಿ ಓದಿದೆ. ನಳದ ನೀರು ಕುಡಿದು ಕುಳಿತಿದ್ದ ಮಕ್ಕಳು ಕೇಳಿದವು. ಸಾವಕಾರರ ಹಿಂದೆ ನಿಂತವರಲ್ಲಿ ಇಬ್ಬರು ನಕ್ಕುಬಿಟ್ಟರು. ಸಾವಕಾರರು ತಮ್ಮ ಮೊಮ್ಮಗನ ರಟ್ಟೆ ಹಿಡಿದು ಎಳೆದುಕೊಂಡು ಹೊರಟರು. ಅವರ ಹಿಂದೆ ನಲವತ್ತು ಮಕ್ಕಳು ಹೋದವು. ಅರವತ್ತು ಚಿಲ್ಲರೆ ತಾಟು ಹಿಡಿದು ಅಲ್ಲೇ ಕುಳಿತಿದ್ದವು. ಅವುಗಳಲ್ಲಿ ಎಲ್ಲವೂ ನಮ್ಮ ಓಣಿಯವಲ್ಲ.

ಸಣ್ಣವ್ವ ಶಾಯಿಗೆ ಕಾಯಲಿಲ್ಲ. ಹೆಬ್ಬೆರಳನ್ನು ಸಾರಿಗೆ ಅದ್ದಿ ಇವತ್ತಿನ ಖಾನೆಯಲ್ಲಿ ಒತ್ತಿದಳು. ಹಳದಿ ಗುರುತು ಬಿತ್ತು. ಪರಮೇಶ ಸರ್ ಅಭ್ಯಾಸಬಲದಿಂದ ಪೆನ್ನು ತೆಗೆದು ಸಹಿಗೆ ಬಗ್ಗಿದರು. ಅವಳು ವಹಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಮೊದ್ಲ ತುತ್ತು, ಸರ್. ಆಮ್ಯಾಗ ಸಹಿ."

"ನನಗ ಹಸಿವಿಲ್ಲ ರೇವಮ್ಮ."

"ನಾಕ ತಿಂಗಳ ಮಾಡದ ಅನ್ನ ಉಂಡೀರಿ. ಮಾಡಿದ ಅನ್ನ ಉಣ್ಣಾಕ ಏನ್ ತ್ರಾಸ?"

ತಾಟು ಅವರ ಮುಂದೆ ಹಿಡಿದಳು. ತಾನು ಉಂಡ ಅದೇ ತಾಟು. ಪರಮೇಶ ಸರ್ ಸುತ್ತ ನೋಡಿದರು. ಉಣ್ಣುವುದಿಲ್ಲ ಎಂದರೆ ಯಾಕೆ ಎಂದು ಬರೆಯಬೇಕು. ಬರೆಯಲು ಆಗುವುದಿಲ್ಲ. ಎರಡು ಬೆರಳಲ್ಲಿ ನಾಲ್ಕು ಅಗುಳು ಹಿಡಿದರು.

"ತುತ್ತು ಅಂದೇನ್ರಿ."

ತುತ್ತು ಮಾಡಿದರು. ಬಾಯಿಗಿಟ್ಟರು. ಅರವತ್ತು ಮಕ್ಕಳು ಅವರ ಗಂಟಲನ್ನೇ ನೋಡುತ್ತಿದ್ದವು. ಅದು ಏರಿತು, ಇಳಿಯಿತು.

"ಉಪ್ಪು ಸರಿ ಅದೇನ್ರಿ?"

"ಅದ," ಎಂದರು.

"ಬರೀರಿ."

ಬರೆದರು. ನಾನು ಬಗ್ಗಿ ಓದಿದೆ, ಈ ಸಲ ಸರಿಯಾಗಿ ಓದಿದೆ. ಉಪ್ಪು ಸರಿ ಇದೆ ಎಂದಿತ್ತು.

ಸಣ್ಣವ್ವ ಮೊಣಕಾಲ ಮೇಲೆ ಕೈಯೂರಿ ಎದ್ದಳು. ಸೌಟು ಎತ್ತಿಕೊಂಡಳು. ಪರಮೇಶ ಸರ್ ಇನ್ನೂ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು.

"ದಾರಿ ಬಿಡ್ರಿ ಸರ್," ಎಂದಳು. "ಮಕ್ಕಳು ಹಸದಾವ."